ಗಂಟು ಬಿಚ್ಚಿಸಿಕೊಂಡ ಹುಲಿಗೆಪ್ಪನ ಮನೆಯಿಂದ

ನೆರಳೂರು,
ಫೆಬ್ರವರಿ ಮೂವತ್ತು, ೨೨೧೧

ಹಿಂದಿನವರೇ,

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಯ ಹೊಟ್ಟೆ ಬೆಳೆದಿದೆ. ನಮ್ಮ ಓಣಿಯಲ್ಲಿ ಬೆಳೆದ ಹೊಟ್ಟೆ ಅದೊಂದೇ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ಮುಂದಿನವರಿಗೆ ಬರೆಯೋಣವೆಂದರೆ ಓದುವವರು ಇರುತ್ತಾರೆಂಬ ನಂಬಿಕೆಯಿಲ್ಲ. ಅದಕ್ಕೇ ಹಿಂದಕ್ಕೆ ಬರೆಯುತ್ತಿದ್ದೇನೆ.

ಕೃಷ್ಣೆಯ ದಂಡೆಯ ನಮ್ಮೂರಿನ ಮೇಲೆ ದೊಡ್ಡದೊಂದು ಬಟ್ಟೆಯ ಚಪ್ಪರವಿದೆ. ಅದರಡಿ ಬಿಸಿಲಿಳಿದ ಮೇಲೆ ಅಂಗಡಿ ತೆರೆಯುತ್ತೇವೆ, ಬೆವರನ್ನೂ ಸೋಸಿ ಕುಡಿಯುತ್ತೇವೆ. ನೀರು ಕಡಿಮೆ, ಹಾಗಾಗಿ ಮಕ್ಕಳೂ ಕಡಿಮೆಯಿರಲೆಂದು ಮೀಸೆ ಮೂಡಿದ ಪ್ರತಿ ಹುಡುಗನಿಗೂ 'ಗಂಟು' ಹಾಕಿಸುತ್ತೇವೆ. ನಿಮ್ಮ ಕಾಲದ ವ್ಯಾಸೆಕ್ಟಮಿ ಅದೇ, ವೀರ್ಯನಾಳ ಕತ್ತರಿಸಿ ಕಟ್ಟುವುದು. ಆ ದಿನ ಹೋಳಿಗೆ ಊಟ. ಗಂಟುಮನೆಗೆ ಹೆಂಗಸರು ಕಾಲಿಡುವಂತಿಲ್ಲ. ಅದು ಗಂಡಸರ ಹಬ್ಬ. ಮಗು ಬೇಕೆಂದಾಗ ಲಾಡಿಯ ಹಾಗೆ ಬಿಚ್ಚಿದರಾಯಿತೆಂದು ಊರೆಲ್ಲ ನಂಬಿದೆ.

ನಲವತ್ತರ ಹೊಸ್ತಿಲಲ್ಲಿ ನನ್ನ ಮಗಳು ಶಾಂಭವಿ ಮಗು ಬೇಕೆಂದಳು. ಅಳಿಯ ಹುಲಿಗೆಪ್ಪನ ಜೊತೆ ನಾನೂ ಗಂಟುಮನೆಗೆ ಹೋದೆ. ಡಾಕ್ಟರ್ ಇರ್ಫಾನ್ ಎರಡು ದಾರಿ ಹೇಳಿದರು. 'ಬಿಚ್ಚುಗಂಟು' ಎಂದರೆ ನಾಳವನ್ನು ಮತ್ತೆ ಹೊಲಿಯುವುದು. ಫಲಿಸಿದರೆ ಬಸಿರು ಮನೆಯಲ್ಲೇ ನಿಲ್ಲುತ್ತದೆ, ಎರಡನೆಯ ಮಗುವೂ ಆದೀತು. ಆದರೆ ಗಂಟು ಹಳೆಯದಾದಷ್ಟೂ ಭರವಸೆ ಕಡಿಮೆ, ವೀರ್ಯಾಣು ಮರಳಲು ವರ್ಷವೇ ಹಿಡಿದೀತು. 'ಗಾಜುಬಸಿರು' ಎಂದರೆ ಸೂಜಿಯಿಂದ ವೀರ್ಯಾಣು ತೆಗೆದು, ಹೆಂಡತಿಯ ಅಂಡವನ್ನೂ ತೆಗೆದು ಗಾಜಿನಲ್ಲಿ ಕೂಡಿಸುವುದು. ಕಾಯುವುದು ಕಡಿಮೆ, ಹೆಣ್ಣಿಗೆ ನೋವು ಜಾಸ್ತಿ.

“ಮನಿಯವರ ವಯಸ್ಸೆಷ್ಟ್ರೀ? ಆಕೀನ್ನೂ ಒಮ್ಮಿ ಪಕ್ಕದೂರಿನ ಆಸ್ಪತ್ರ್ಯಾಗ ತೋರಸ್ರಿ,” ಎಂದರು ಡಾಕ್ಟರ್.

“ಗಂಟು ನಂದು. ಆಕಿ ವಯಸ್ಸು ನಿಮಗ್ಯಾಕ ಬೇಕ್ರೀ ಸಾಹೇಬ್ರ?” ಎಂದ ಹುಲಿಗೆಪ್ಪ.

“ಹೊಲಿಯೋ ದಿನ ಸ್ವಲ್ಪ ವೀರ್ಯಾಣು ತೆಗೆದು ತಣ್ಣಗ ಇಡ್ತೀನಿ. ಮುಂದ ಗಾಜುಬಸಿರಿಗೆ ಬೇಕಾದೀತು.”

“ಉಪ್ಪಿನಕಾಯಿ ಹಾಕ್ತೀರೇನು?”

ಸಾಲಿನಲ್ಲಿದ್ದ ಗಂಡಸರೆಲ್ಲ ನಕ್ಕರು. ಬಿಚ್ಚುಗಂಟೇ ಗಟ್ಟಿಯಾಯಿತು.

ಹೊಲಿದ ಮೇಲೆ ಎರಡು ಬೇಸಿಗೆ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ. ನಾಳ ದಿನವೂ 'ನಾಳೆ ಬಾ' ಅನ್ನುತ್ತಿದೆ ಎಂದು ನಾನು ಹಾಸ್ಯ ಮಾಡುತ್ತಿದ್ದೆ. ಶಾಂಭವಿ ಮೊದಮೊದಲು ನಗುತ್ತಿದ್ದಳು. ಕೊನೆಗೆ ವೀರ್ಯಾಣು ಕಂಡಿತು. ಹುಲಿಗೆಪ್ಪ ಓಣಿಗೆಲ್ಲ ಪೇಡ ಹಂಚಿದ. ಪೇಡ ಕರಗಿತು, ಬಸಿರು ನಿಲ್ಲಲಿಲ್ಲ. ಆಗ ಶಾಂಭವಿ ಯಾರಿಗೂ ಹೇಳದೆ ಪಕ್ಕದೂರಿನ ಆಸ್ಪತ್ರೆಗೆ ಹೋಗಿ ಬಂದು, ಚಪ್ಪಲಿಯನ್ನೂ ಬಿಚ್ಚದೆ ಕಟ್ಟೆಯ ಮೇಲೆ ಕುಳಿತಳು.

“ಅಪ್ಪಾ, ಅವರ ದಾರಿ ತೆರದೈತಿ, ನಂದು ಮುಚ್ಚೇತಿ. ಅಂಡ ಮುಗದಾವಂತ, ಗಾಜಿಗೂ ಸಾಲಂಗಿಲ್ಲ. ಎರಡು ವರ್ಷದ ಹಿಂದ ಬಂದಿದ್ರ ನೋಡಬಹುದಿತ್ತಂತ. ನನ್ನ ಯಾರೂ ಕೇಳಲೇ ಇಲ್ಲಲ್ಲ.”

ಹುಲಿಗೆಪ್ಪ ಕಂಬ ಹಿಡಿದು ನಿಂತ. ನಾನು ಬಗ್ಗಿ ಅವಳ ಚಪ್ಪಲಿ ಬಿಚ್ಚಿದೆ.

ಹಿಂದಿನವರೇ, ನಿಮ್ಮಲ್ಲಿ ಯಾರಾದರೂ ಗಂಟು ಬಿಚ್ಚಿಸಲು ಹೊರಟಿದ್ದರೆ ಇಬ್ಬರೂ ಹೋಗಿ. ಮೊದಲು ಆಕೆಯನ್ನು ಪರೀಕ್ಷಿಸಲು ಹೇಳಿ. ಯಾವ ದಾರಿ ಎಂಬುದು ಆಮೇಲಿನ ಮಾತು. ತಣ್ಣಗೆ ಎತ್ತಿಡುತ್ತೇನೆಂದು ಡಾಕ್ಟರು ಹೇಳಿದರೆ ನಗಬೇಡಿ. ನೀವು ಕೇಳಿದರೂ ನನ್ನ ಮಗಳಿಗೆ ಏನೂ ಬದಲಾಗದೆಂದು ಗೊತ್ತು. ಆದರೂ ಬರೆದೆ.

'ನಿಮ್ಮ ಅಜ್ಜ' ಎಂದು ಸಹಿ ಹಾಕುವ ಆಸೆಯಿತ್ತು.

ಮುದುಕ,
ಚನಮಲ್ಲಪ್ಪ