ಸಣ್ಣ ದೋಣಿಯ ಕೀಲು

ಕುರುಗೋಡು
೧೩ ಅಕ್ಟೋಬರ್ ೨೦೨೫, ಸೋಮವಾರ

ನನ್ನ ಮುದ್ದು ಗಂಗೋತ್ರಿಗೆ, ಅವ್ವನ ಪ್ರೀತಿಯ ಆಶೀರ್ವಾದಗಳು.

ಹೇಗಿದ್ದೀಯವ್ವಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯಾ, ಇಲ್ಲಾ ಗೋವಾದ ಮಕ್ಕಳಿಗೆ ಹಾಯಿ ಕಟ್ಟುವುದನ್ನು ಕಲಿಸುತ್ತಾ ಬಿಸಿಲಲ್ಲಿ ಒಣಗುತ್ತಿದ್ದೀಯಾ? ಹೋದ ಸಲ ವೀಡಿಯೊದಲ್ಲಿ ನಿನ್ನ ಮೂಗು ಸುಟ್ಟ ಬದನೆಕಾಯಿ ಹಾಗೆ ಕಂಡಿತು. ಕೊಬ್ಬರಿ ಎಣ್ಣೆ ಹಚ್ಚಿಕೋ. ನಾವಿಬ್ಬರೂ ಆರಾಮ. ನಿಮ್ಮಪ್ಪನ ಬಿಪಿ ಹತೋಟಿಯಲ್ಲಿದೆ, ಬಾಯಿ ಮಾತ್ರ ಇಲ್ಲ. ಅದಕ್ಕೇ ಫೋನು ಬಿಟ್ಟು ಕಾಗದ ಬರೆಯುತ್ತಿದ್ದೇನೆ. ಫೋನಿನಲ್ಲಿ ನಾನು ಒಂದು ಮಾತಾಡುವಷ್ಟರಲ್ಲಿ ಅವರು ಹತ್ತು ಆಡುತ್ತಾರೆ.

ದೋಣಿಗಳ ವಿಷಯಕ್ಕೆ ಬರುತ್ತೇನೆ. ಸ್ವಂತ ಹಾಯಿದೋಣಿ ಕೊಳ್ಳಬೇಕು, ಯಾರ ಕೈಕೆಳಗೂ ಇಲ್ಲದೆ ಕಡಲಲ್ಲಿ ತಿರುಗಬೇಕು, ಮೊದಲ ಪಯಣಕ್ಕೆ ಅವ್ವನನ್ನೇ ಗೋವಾದಿಂದ ಕಾರವಾರಕ್ಕೆ ಕರೆದೊಯ್ಯಬೇಕು ಎಂದು ಎಷ್ಟು ವರ್ಷದಿಂದ ಹೇಳುತ್ತಿದ್ದೀಯೋ. ಈಗ ಎರಡು ಹಳೆಯ ದೋಣಿ ಮಾರಾಟಕ್ಕೆ ಬಂದಿವೆ, 'ಯಾವುದು ತಗೊಳ್ಳಲಿ ಅವ್ವಾ' ಎಂದು ಕೇಳಿದ್ದೀಯ. ಕೇಳಿದ್ದು ಯಾರನ್ನು! ಸಿರುಗುಪ್ಪದ ಹೊಳೆದಂಡೆಯಲ್ಲಿ ಹುಟ್ಟಿಯೂ ಹರಿಗೋಲು ಹತ್ತದವಳನ್ನು. ತುಂಗಭದ್ರೆಯ ಆಚೆ ದಡದಲ್ಲಿ ಮದುವೆ ಇದ್ದರೆ ಮನೆಮಂದಿಯೆಲ್ಲ ಹರಿಗೋಲಲ್ಲಿ ದಾಟಿ ಊಟಕ್ಕೆ ಕೂತಿರುತ್ತಿದ್ದರು. ನಾನೊಬ್ಬಳು ಬಸ್ಸಿನಲ್ಲಿ ಸುತ್ತು ಹೊಡೆದು ಎಲೆ ಎತ್ತುವ ಹೊತ್ತಿಗೆ ಮುಟ್ಟುತ್ತಿದ್ದೆ. ಆದರೂ ಕೇಳಿದ್ದೀಯಲ್ಲ, ಹೇಳುತ್ತೇನೆ.

ದೊಡ್ಡದು ಮೂವತ್ತೆಂಟು ಅಡಿ, ೨೦೦೮ರದು. ಎರಡು ಮಲಗುವ ಕೋಣೆ, ಫ್ರಿಜ್ಜು, ಊಟದ ಮೇಜು, ಬಾಗಿಲು ಹಾಕಿಕೊಳ್ಳುವಂಥ ಕಕ್ಕಸು. ಬಳ್ಳಾರಿಯ ಪಾರ್ವತಿನಗರದಲ್ಲಿರುವ ನಿಮ್ಮ ಚಿಕ್ಕಮ್ಮನ ಮನೆಗಿಂತ ವಾಸಿ. ನಿಮ್ಮಪ್ಪ ಅದಕ್ಕೇ ಮನಸೋತರು. "ಹೊಸಾದು ಹೊಸಾದ ನೋಡು. ನಲವತ್ತಾರು ವರ್ಷದ ಡಬ್ಬಿ ತಗಂಡು ಏನು ಮಾಡ್ತಾಳ ಅಕಿ?" ಎಂದು ಪಟ್ಟು ಹಿಡಿದಿದ್ದಾರೆ. ಹೇಳುವವರು ಯಾರು, ನಮ್ಮ ಮದುವೆಗೂ ಹಿಂದಿನ ಟ್ರ್ಯಾಕ್ಟರನ್ನು ಇನ್ನೂ ಮಾರದೆ ದಿನಾ ಒರೆಸುವವರು!

ಆ ಡಬ್ಬಿ ಇಪ್ಪತ್ತೇಳು ಅಡಿ, ೧೯೭೯ರದು, ನಿನಗಿಂತ ಹಿರಿಯಳು. ಒಳಗೆ ತಲೆ ಬಗ್ಗಿಸಿಯೇ ನಿಲ್ಲಬೇಕು. ಒಲೆ ಒಂದೇ. ಮಲಗುವುದು ಸ್ಲೀಪರ್ ಬಸ್ಸಿನಲ್ಲಿ ಮಲಗಿದ ಹಾಗೆ. ಕಕ್ಕಸಿಗೆ ಬರೀ ಪರದೆ. ಆದರೆ ಆ ಕಾಲದವರು ಮೈಯನ್ನು ದಪ್ಪಗೆ ಕಟ್ಟಿದ್ದಾರೆ, ಒಬ್ಬಳೇ ಹಾಯಿ ಏರಿಸಬಹುದು, ನೀರು ಕಡಿಮೆ ಇರುವ ಅಳಿವೆಯೊಳಗೂ ನುಗ್ಗುತ್ತದೆ ಎಂದು ನೀನು ಹೇಳಿದೆ. ಕೊನೆಗೆ 'ಕೀಲು ಗಟ್ಟಿ ಐತವ್ವಾ' ಎಂದೆ. ನಾನು ನಿನ್ನ ಮೊಣಕಾಲಿನ ಮಾತೆಂದು ತಿಳಿದು ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಕೋ ಎಂದೆ. ನೀನು ಬಿದ್ದು ಬಿದ್ದು ನಕ್ಕು, ದೋಣಿ ಮಗುಚದಂತೆ ಅದರ ಹೊಟ್ಟೆಯ ಕೆಳಗೆ ನೀರೊಳಗೆ ಇರುವ ಭಾರಕ್ಕೆ ಕೀಲ್ ಅನ್ನುತ್ತಾರೆ ಎಂದು ತಿಳಿಸಿದೆ. ಈಗ ನಾನು ಮೊಣಕಾಲು ಹಿಡಿದುಕೊಂಡು ಎದ್ದಾಗಲೆಲ್ಲ ನಿಮ್ಮಪ್ಪ "ದೋಣಿ ಹೊಂಟತಿ, ದಾರಿ ಬಿಡ್ರಲೇ" ಎನ್ನುತ್ತಾರೆ.

ಈಗ ನಾನು ಕಂಡದ್ದನ್ನು ಹೇಳುತ್ತೇನೆ, ಸಿಟ್ಟಾಗಬೇಡ. ನೀನು ಕಳಿಸಿದ ದೊಡ್ಡ ದೋಣಿಯ ವೀಡಿಯೊದಲ್ಲಿ ತೋರಿಸಿದ್ದೆಲ್ಲ ನನಗಾಗಿ. 'ಅವ್ವಾ, ನಿನ್ನ ಮಂಚ ಇದು. ಅವ್ವಾ, ಇಲ್ಲಿ ಹಿಡಕಂಡು ಇಳೀಬಹುದು. ಅವ್ವಾ, ಇದು ಜಾಸ್ತಿ ಅಳ್ಳಾಡಂಗಿಲ್ಲ.' ಸೀರೆ ಅಂಗಡಿಯವನೂ ಅಷ್ಟು ಮಾತಾಡುವುದಿಲ್ಲ. ಹಾಯಿ ಎಳೆಯುವವರು ಯಾರು ಎಂದು ಆಮೇಲೆ ಫೋನಿನಲ್ಲಿ ಕೇಳಿದರೆ 'ಇನ್ನಿಬ್ರು ಬೇಕಾಗ್ತಾರ, ಸಿಗ್ತಾರ ಬಿಡು' ಎಂದು ತೇಲಿಸಿಬಿಟ್ಟೆ. ಸಣ್ಣದರ ವೀಡಿಯೊದಲ್ಲಿ ಮಾತೇ ಇಲ್ಲ. ಚುಕ್ಕಾಣಿ ಹಿಡಿದ ಕೂಡಲೇ ಕೈಯಲ್ಲಿ ಫೋನಿರುವುದನ್ನೇ ಮರೆತಿದ್ದೀಯ. ನಿನ್ನ ಕಾಲ್ಬೆರಳು, ಒಂದು ಹಗ್ಗ, ಆಮೇಲೆ ಬರೀ ಆಕಾಶ. ಹಿಂದೆ ನೀನು ಏನೋ ಗುನುಗುವುದು ಕೇಳಿಸುತ್ತಿತ್ತು. ನೀನು ಹಾಗೆ ಗುನುಗಿದ್ದು ಕೇಳಿ ಎಷ್ಟು ಕಾಲವಾಗಿತ್ತು! ನನಗೆ ಕಣ್ಣು ತುಂಬಿ ಬಂತು ಗಂಗೂ.

ನಿನಗೆ ಬೇಕಾದ್ದು ಸಣ್ಣದು. ನೀರಿಗೆ ಹೆದರುವ ಅವ್ವ ಅದನ್ನು ಹತ್ತಲಾರಳು ಎಂದು ದೊಡ್ಡದನ್ನು ಕಟ್ಟಿಕೊಳ್ಳಲು ಹೊರಟಿದ್ದೀಯ. ಕಟ್ಟಿಕೊಂಡರೆ ದಿನಾ ಇನ್ನಿಬ್ಬರ ದಾರಿ ಕಾಯುತ್ತಾ ದಡದಲ್ಲೇ ಕೂರುತ್ತೀಯ. ನಾನು ವರ್ಷಕ್ಕೆ ನಾಲ್ಕು ದಿನ ಬಂದು ಹೋಗುವವಳು. ನಾಲ್ಕು ದಿನದ ನೆಂಟರಿಗಾಗಿ ಯಾರಾದರೂ ಛತ್ರ ಕೊಳ್ಳುತ್ತಾರೇನು? ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ, ನೀನು ನನ್ನ ಕಾಲಿಗೋಸ್ಕರ ಹಾಸಿಗೆಯನ್ನೇ ಉದ್ದ ಮಾಡುತ್ತಿದ್ದೀಯ. ನಿನ್ನ ಪ್ರೀತಿ ದೊಡ್ಡದು, ಆದರೆ ಈ ಒಂದು ವಿಷಯದಲ್ಲಿ ನೀನು ದಡ್ಡಿ.

ಇಲ್ಲಿ ಹೇಳಿಕೊಳ್ಳುವಂಥ ಬೇರೆ ಸುದ್ದಿ ಇಲ್ಲ. ರೂಪನಗುಡಿಯಿಂದ ನಿಮ್ಮ ಸೋದರತ್ತೆ ಒಣಮೆಣಸಿನಕಾಯಿ ಕಳಿಸಿದ್ದಾಳೆ, ನಿನ್ನ ಪಾಲು ತೆಗೆದಿಟ್ಟಿದ್ದೇನೆ. ನನ್ನ ಕೀಲುನೋವಿಗೆ ಬೇಸಿಗೆಯಿಂದ ಬಳ್ಳಾರಿಯ ಡಾಕ್ಟರಲ್ಲಿ ತೋರಿಸುತ್ತಿದ್ದೇನೆ. ಬೆಳಗಿನ ಬಸ್ಸಿಗೆ ಹೋಗಿ ಚಿಕ್ಕಮ್ಮನ ಮನೆಯಲ್ಲಿ ತಿಂಡಿ ತಿಂದು ಬರುತ್ತೇನೆ. ಗುಣ ಕಾಣುತ್ತಿದೆ.

ಗಾಳಿ ನಿನ್ನ ಮಾತು ಕೇಳಲಿ, ಬಸವಣ್ಣ ನಿನ್ನ ಬೆನ್ನಿಗಿರಲಿ. ನಿಮ್ಮಪ್ಪ ಬೈದದ್ದನ್ನೂ ಆಶೀರ್ವಾದವೆಂದೇ ತಿಳಿ.

ನಿನ್ನ ಅವ್ವ,
ದಾಕ್ಷಾಯಣಮ್ಮ

ತಾ.ಕ.: ಟಪಾಲಿನ ಹೊತ್ತಾಯಿತು, ಬೇಗ ಬರೆಯುತ್ತೇನೆ. ಆ ಡಾಕ್ಟರು ನೀರಿನಲ್ಲಿ ನಡೆದರೆ ಕೀಲಿಗೆ ಒಳ್ಳೆಯದು ಅಂದಿದ್ದರು. ಬಳ್ಳಾರಿಯ ಈಜುಕೊಳದಲ್ಲಿ ಹೆಂಗಸರ ಹೊತ್ತಿಗೆ ಚಿಕ್ಕಮ್ಮನ ಕೈ ಹಿಡಿದು ಅಳುತ್ತಲೇ ಇಳಿದೆ. ನಡೆಯುತ್ತಾ ನಡೆಯುತ್ತಾ ಒಂದು ದಿನ ಕಾಲು ನೆಲ ಬಿಟ್ಟಿತು, ನಾನು ಮುಳುಗಲಿಲ್ಲ. ಈಗ ಈ ತುದಿಯಿಂದ ಆ ತುದಿಗೆ ಈಜುತ್ತೇನೆ, ನಿಮ್ಮಪ್ಪನಿಗೆ ಗೊತ್ತಿಲ್ಲ. ಹೋದ ವಾರ ತವರಿಗೆ ಹೋದಾಗ ಹೊಳೆಯನ್ನೂ ಹರಿಗೋಲಲ್ಲೇ ದಾಟಿದೆ. ಹುಟ್ಟು ಹಾಕುವ ಹೊನ್ನೂರಪ್ಪ "ಯಕ್ಕಾ, ಖರೇನ ನೀನೇನಾ?" ಎಂದು ಬಾಯಿ ಬಿಟ್ಟ. ಸಣ್ಣದನ್ನೇ ತಗೋ. ಸಂಕ್ರಾಂತಿಗೆ ಬರುತ್ತೇನೆ, ಅಷ್ಟರೊಳಗೆ ಆ ಪರದೆ ಕಿತ್ತು ಕಕ್ಕಸಿಗೊಂದು ಬಾಗಿಲು ಹಚ್ಚಿಸು.