ಬಿಟ್ಟುಕೊಟ್ಟ ಸರದಿ

ಭಾನುವಾರ, ನವೆಂಬರ್ ೧೬

ಗುಂಡ್ಲುಪೇಟೆಯಲ್ಲಿ ಕರೆಂಟ್ ಕಾರಿಗಿರುವ ಎರಡು ಚಾರ್ಜರುಗಳಲ್ಲಿ ಇವತ್ತೂ ಒಂದು ಕೆಟ್ಟಿತ್ತು. ಕಾದು ಕಾದು ನಮ್ಮ ಸರದಿ ಬಂದಾಗ, ನಮ್ಮ ಹಿಂದೆ ನಿಂತಿದ್ದ ಕೇರಳದ ಕಾರಿನಲ್ಲಿ ಕೂಸೊಂದು ಅಳುತ್ತಿತ್ತು. ರಾತ್ರಿ ಒಂಬತ್ತಕ್ಕೆ ಬಂಡೀಪುರ ಕಾಡಿನ ಗೇಟ್ ಮುಚ್ಚಿದರೆ ಅವರು ಬೆಳಗಿನವರೆಗೆ ಇಲ್ಲೇ.

ಅಪ್ಪ ಇಳಿದು ಅವರನ್ನು ಮುಂದೆ ಕರೆದೇಬಿಟ್ಟರು. "ಅವ್ರು ಮೊದ್ಲು ಚಾರ್ಜಿಗ್ ಆಕ್ಕೊಳ್ಳಿ ಬುಡಮ್ಮಿ. ನಮ್ ಹಿಟ್ಟಿನ್ ಮಿಲ್ಲಲ್ಲಿ ದೂರದೂರೋರ್ ರಾಗಿನೇ ಅಲ್ವಾ ಮೊದ್ಲು ಬೀಸೋದು?"

ನನಗೆ ಸಿಟ್ಟು ಬಂತು. "ಬ್ಯಾಟ್ರಿ ಹತ್ತೇ ಪರ್ಸೆಂಟ್ ಐತೆ ಅಪ್ಪಾ."

"ನಮ್ ಭೀಮನಬೀಡು ಇಲ್ಲೇ ಅಲ್ವಾ? ಏಸಿ ಆರ್ಸು, ಓಗನ."

ನಿಧಾನವಾಗಿ ಊರು ಸೇರಿದೆವು. ತಡವೇಕೆಂದು ಅವ್ವ ಕೇಳಿದಳು. ನಾನು ಈ ಕಾರು ಕೊಂಡಾಗ ಅದನ್ನು ಆಟದ ಸಾಮಾನು ಎಂದಿದ್ದ ಅಪ್ಪ, ಬೀದಿಗೆಲ್ಲ ಕೇಳುವಂತೆ ಹೇಳಿದರು: "ನಿನ್ ಮಗ್ಳು ಕೂಸಿರೋರ್ಗೆ ತನ್ ಸರ್ದಿ ಬುಟ್ಕೊಟ್ಲು ಕಣೆ!"

ಅದು ಸುಳ್ಳು. ನಾನು ತಿದ್ದಲಿಲ್ಲ. ಇಂಥ ಅಪ್ಪ ಯಾರಿಗಿದ್ದಾರೆ! ಇನ್ನೊಂದು ಸಲ ನಾನೇ ಬಿಟ್ಟುಕೊಡಬೇಕು, ಅವರ ಮಾತು ನಿಜವಾಗಲಿ.