ಎಡ ಮಣಿಕಟ್ಟಿನ ಝೇಂಕಾರ

ಫೆಬ್ರವರಿ ೧೨
ನಿನ್ನೆಯ ಬರಹದಲ್ಲೊಂದು ತಪ್ಪು ನುಸುಳಿದೆ. 'ಹೆಂಡತಿಯ ಕೈಗೆ ಹೊಸ ನಳಿಕೆ ಹಾಕಿದರು' ಎಂದಿದ್ದೇನೆ. ಹಾಕಿಲ್ಲ. ಎಡ ಮಣಿಕಟ್ಟಿನಲ್ಲಿ ಇವಳದೇ ಅಪಧಮನಿಗೆ ಇವಳದೇ ಅಭಿಧಮನಿಯನ್ನು ಹೊಲಿದಿದ್ದಾರೆ, ಅಷ್ಟೆ. ಅಪಧಮನಿಯದು ದಪ್ಪ ಗೋಡೆ. ಹೃದಯದ ನೂಕನ್ನು ತಾಳಿಕೊಳ್ಳುತ್ತದೆ. ಅಭಿಧಮನಿ ತೆಳು, ರಕ್ತವನ್ನು ಮೆಲ್ಲಗೆ ಹೃದಯಕ್ಕೆ ಮರಳಿಸುವುದಷ್ಟೇ ಅದರ ಕೆಲಸ. ಈಗ ಏಕಾಏಕಿ ಆ ನೂಕೆಲ್ಲ ಇದರ ಮೇಲೆ. ತಾಳಿಕೊಂಡು ಹಿಗ್ಗಿ ಗೋಡೆ ದಪ್ಪಗಾದರೆ, ಡಯಾಲಿಸಿಸ್ ಸೂಜಿಯನ್ನು ಅಲ್ಲಿಗೇ ಚುಚ್ಚಬಹುದು. ಈಗ ಡಯಾಲಿಸಿಸ್‌ಗೆಂದು ಹಾಕಿರುವ ಕತ್ತಿನ ಪೈಪು ತೆಗೆಯುತ್ತಾರೆ. ಆ ಪೈಪಿಗೆ ನೀರು ತಾಗಬಾರದು. ಇವಳು ತಲೆಗೆ ನೀರು ಹಾಕಿಕೊಂಡು ಐದು ತಿಂಗಳು.

"ಪರೀಕ್ಷೆ ಇಲ್ದೆ ಮುಂದಿನ ಕ್ಲಾಸಿಗೆ ಹಾಕಿದ ಹಾಗಾಯ್ತು, ಪಾಪ, ಆ ನರಾನ," ಎಂದಳು.

"ನರ ಅಲ್ಲ, ರಕ್ತನಾಳ."

"ಆಯ್ತು ಮೇಷ್ಟ್ರೇ. ಮೊದ್ಲು ಪಾಸಾಗ್ಲಿ, ಆಮೇಲೆ ಹೆಸರು ತಿದ್ದುವಿರಂತೆ."

ಫೆಬ್ರವರಿ ೨೦
ದಿನವೂ ಎದ್ದೊಡನೆ ಮಣಿಕಟ್ಟು ಮುಟ್ಟಿ ನೋಡಬೇಕು — ಡಯಾಲಿಸಿಸ್ ಸಿಸ್ಟರ್ ಆಜ್ಞೆ. ಬೆರಳಿನಡಿ ಜುಮುಜುಮು ಎಂದರೆ ರಕ್ತ ಹರಿಯುತ್ತಿದೆ. ಇಲ್ಲವೆಂದರೆ ಹೆಪ್ಪುಗಟ್ಟಿರಬಹುದು, ಕೂಡಲೇ ಆಸ್ಪತ್ರೆಗೆ ಓಡಬೇಕು. ಕಿವಿಯಿಟ್ಟರೆ ಮುಚ್ಚಿದ ಡಬ್ಬಿಯೊಳಗೆ ದುಂಬಿ ಹಾರಿದಂಥ ಸದ್ದು. ಬಹಳ ಹೊತ್ತು ಕೇಳಿದೆ.

"ಸಾಕು ಬಿಡ್ರೀ, ಕೈ ಜೋಮು ಹಿಡೀತು. ಮದುವೆಯಾದ ಹೊಸದ್ರಲ್ಲೂ ಇಷ್ಟು ಹೊತ್ತು ಹಿಡ್ಕೊಂಡಿರ್ಲಿಲ್ಲ."

ಮಾರ್ಚ್ ೯
ಬರೆಯಲು ನಾಚಿಕೆ; ಆದರೂ ನಡೆದದ್ದನ್ನು ನಡೆದಂತೆ ಬರೆಯತಕ್ಕದ್ದು. ಬೆಳಕು ಹರಿಯುವ ಮುನ್ನ ಪಕ್ಕದಲ್ಲಿ ತಡಕಿ ಕೈ ಹಿಡಿದರೆ... ಏನೂ ಇಲ್ಲ. ಕಿವಿಯಿಟ್ಟೆ. ನಿಶ್ಶಬ್ದ. ಸಿಸ್ಟರ್‌ಗೆ ಫೋನ್ ಮಾಡಿದೆ.

"ಯಾವ ಕೈ ಸರ್?"

"ಎಡಗೈ!"

"ಹೊಲಿಗೆ ಗುರುತು ಇದೆಯಾ ನೋಡಿ."

ಲೈಟು ಹಾಕಿ, ಕನ್ನಡಕ ಏರಿಸಿದೆ. ಗುರುತಿಲ್ಲ. ಬಲಗೈ. ಫ್ಯಾನಿನ ಗಾಳಿಗೆಂದು ರಾತ್ರಿ ಇಬ್ಬರೂ ಮಲಗುವ ಜಾಗ ಬದಲಿಸಿಕೊಂಡದ್ದು ಮರೆತೇಹೋಗಿತ್ತು.

ಅಷ್ಟರಲ್ಲಿ ಇವಳಿಗೂ ಎಚ್ಚರ. ಫೋನಿಗೇ ಬಾಯಿಟ್ಟಳು: "ನಲವತ್ತು ವರ್ಷ ಊರ ಮಕ್ಕಳನ್ನೆಲ್ಲ ತಿದ್ದಿದ್ದಾರೆ ಸಿಸ್ಟರ್, ಇವರಿಗೇ ಎಡ-ಬಲ ಇನ್ನೂ ಬಂದಿಲ್ಲ!"

ಆ ಕಡೆಯ ನಗು ನಿಲ್ಲಲೇ ಇಲ್ಲ. ಎಡಗೈಯಲ್ಲಿ ದುಂಬಿ ಎಂದಿನಂತೆಯೇ ಇತ್ತು.

ಏಪ್ರಿಲ್ ೨
ಸ್ಕ್ಯಾನ್ ನೋಡಿ ಡಾಕ್ಟರು ಒಪ್ಪಿದರು. ಇಂದು ಮಣಿಕಟ್ಟಿನ ಮೇಲೆ ಮೊದಲ ಸೂಜಿ. ಎರಡು — ಯಂತ್ರಕ್ಕೆ ರಕ್ತ ಕೊಡಲೊಂದು, ಮರಳಿ ಪಡೆಯಲೊಂದು. ಇವಳು ಆರಾಮ, ಬೆವರಿದವನು ನಾನು.

"ಸರ್, ನೀವು ಹೊರಗೆ ಕೂತ್ಕೊಳ್ಳಿ. ಇಲ್ಲಾಂದ್ರೆ ನಿಮಗೂ ಒಂದು ಬೆಡ್ ಹುಡುಕ್ಬೇಕಾಗುತ್ತೆ," ಎಂದರು ಸಿಸ್ಟರ್.

ಕೂತೆ. ರಕ್ತದ ಹರಿವು ಸಾಲದಾದರೆ ಕೂಗುವ ಯಂತ್ರದ ಅಲಾರಂ ಒಮ್ಮೆಯೂ ಕೂಗಲಿಲ್ಲ. ನಾಳ ತಾಳಿಕೊಂಡಿದೆ!

ಏಪ್ರಿಲ್ ೨೮
ಕತ್ತಿನ ಪೈಪು ಹೋಗಿದೆ; ಗಾಯವೂ ಒಣಗಿದೆ. ಇನ್ನೆಷ್ಟು ದಿನ ಕೈ ಮುಟ್ಟಿ ನೋಡಬೇಕೆಂದು ಸಿಸ್ಟರನ್ನು ಕೇಳಿದ್ದೆ. "ದಿನಾ ಸರ್, ಯಾವಾಗ್ಲೂ," ಎಂದರು. ನನ್ನದೇನೂ ಆಕ್ಷೇಪಣೆಯಿಲ್ಲವೆಂದೆ.

ಬಚ್ಚಲಿನಲ್ಲಿ ನೀರು ಸುರಿಯುವ ಸದ್ದು. ಮೂರನೆಯ ಬಕೆಟ್ಟು. ಜೊತೆಗೆ ಹಾಡು ಬೇರೆ. ಸಾಲು ಒಂದೂ ಸರಿಯಿಲ್ಲ. ಇರಲಿ.

"ರೀ, ಟವೆಲ್ ಕೊಡ್ರೀ! ...ಅಲ್ಲ, ಬೇಡ ಬೇಡ, ಇನ್ನೊಂದು ಬಕೆಟ್ ಹಾಕ್ಕೋತೀನಿ. ನೀರು ತಣ್ಣಗಾಯ್ತು ನೋಡಿ!"

ಗೀಸರ್ ಹಾಕಬೇಕು. ಹೊರಟೆ...

— ಏಪ್ರಿಲ್ ೨೮, ಬೆಳಗ್ಗೆ ೮.೪೦